ಏರದ, ಇಳಿಯದ ಎಎಫ್‌ಪಿ

ಯಂತ್ರ ತೋರಿಸಿದ್ದು ಇನ್ನೂರ ಹನ್ನೆರಡು. ಇರಬೇಕಾದದ್ದು ಹತ್ತರ ಒಳಗೆ.

ಇಂಥದ್ದು ಬಂದಾಗ ಮಾಡಬೇಕಾದ ಕೆಲಸಗಳನ್ನು ಪುತ್ತೂರಿನ ನಮ್ಮ ಲ್ಯಾಬಿನಲ್ಲಿ ಗೋಡೆಗೇ ಅಂಟಿಸಿದ್ದೇವೆ. ಟ್ಯೂಬಿನ ಮೇಲಿನ ಹೆಸರನ್ನೂ ಚೀಟಿಯ ಹೆಸರನ್ನೂ ತಾಳೆ ನೋಡಬೇಕು. ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ, ಅದೇ ಸೀರಮ್, ಕೆಂಪಾಗಿದೆಯೇ, ಅದರಲ್ಲಿ ನಾರಿನಂಥ ಎಳೆ ಉಳಿದಿದೆಯೇ ಎಂದು ಬೆಳಕಿಗೆ ಹಿಡಿದು ನೋಡಬೇಕು. ಬೆಳಿಗ್ಗೆ ಓಡಿಸಿದ ಕಂಟ್ರೋಲ್, ಅಂದರೆ ಉತ್ತರ ಮೊದಲೇ ಗೊತ್ತಿರುವ ಮಾದರಿ, ಸರಿಯಾಗಿ ಬಂದಿತ್ತೇ ಎಂದು ಪರಿಶೀಲಿಸಬೇಕು. ಕೊನೆಗೆ ಅದೇ ಸೀರಮನ್ನು ಇನ್ನೊಮ್ಮೆ ಯಂತ್ರಕ್ಕೆ ಕೊಡಬೇಕು. ನಾನು ಎಲ್ಲವನ್ನೂ ಮಾಡಿದೆ. ಎರಡನೇ ಸಲ ಇನ್ನೂರ ಒಂಬತ್ತು ಬಂತು. ಎರಡು ಸಲವೂ ಇಷ್ಟು ಹತ್ತಿರ ಬಂದದ್ದನ್ನು ನೋಡಿ ನಮ್ಮ ಯಂತ್ರ ಎಷ್ಟು ಚೊಕ್ಕವಾಗಿ ಕೆಲಸ ಮಾಡುತ್ತಿದೆ ಎಂದು ಸಮಾಧಾನಪಟ್ಟುಕೊಂಡೆ. ಆ ಸಮಾಧಾನವನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಆಲ್ಫಾ ಫೀಟೋಪ್ರೋಟೀನ್ ಎಂಬ ಉದ್ದದ ಹೆಸರನ್ನು ನಾವು ಎಎಫ್‌ಪಿ ಎಂದು ಮುಗಿಸಿಬಿಡುತ್ತೇವೆ. ಗರ್ಭದಲ್ಲಿರುವ ಮಗುವಿನ ಯಕೃತ್ತು ಅದನ್ನು ತಯಾರಿಸುತ್ತದೆ, ಹುಟ್ಟಿದ ಮೇಲೆ ಕ್ರಮೇಣ ನಿಲ್ಲಿಸುತ್ತದೆ. ಯಕೃತ್ತಿನಲ್ಲಿ ಕ್ಯಾನ್ಸರ್ ಹುಟ್ಟಿದರೆ ಆ ಕೆಟ್ಟ ಕೋಶಗಳು ಅನೇಕ ಸಲ ಮರೆತುಹೋದ ಈ ಕೆಲಸವನ್ನು ಪುನಃ ಶುರುಮಾಡುತ್ತವೆ. ಹಾಗಾಗಿ ಇದನ್ನು ಟ್ಯೂಮರ್ ಆಂಟಿಜನ್ ಎನ್ನುತ್ತಾರೆ, ಗಡ್ಡೆ ತನ್ನ ಇರವನ್ನು ರಕ್ತದಲ್ಲಿ ಬಿಟ್ಟುಕೊಡುವ ಗುರುತು. ಆ ಗುರುತು ಎಲ್ಲ ಗಡ್ಡೆಗಳಲ್ಲೂ ಇರುವುದಿಲ್ಲ, ಗಡ್ಡೆ ಇಲ್ಲದೆಯೂ ಕೆಲವೊಮ್ಮೆ ಏರುತ್ತದೆ. ಇದು ಪುಸ್ತಕದಲ್ಲಿ ಇದೆ. ನಾನೂ ಓದಿದ್ದೆ.

ರಕ್ತ ಬಂದದ್ದು ಕಡಬದ ಕಲೆಕ್ಷನ್ ಸೆಂಟರಿನಿಂದ, ಬಸ್ಸಿನಲ್ಲಿ, ಐಸ್ ತುಂಬಿದ ಡಬ್ಬಿಯಲ್ಲಿ. ಕೊಯಿಲದ ಕಡೆಯ ನಲವತ್ತಾರರ ಹೆಂಗಸು. ರಕ್ತದಾನದ ಶಿಬಿರವೊಂದರಲ್ಲಿ ಹೆಪಟೈಟಿಸ್ ಬಿ ಇದೆಯೆಂದು ಗೊತ್ತಾಗಿತ್ತು. ಅವರ ತಾಯಿ ಯಕೃತ್ತಿನ ಗಡ್ಡೆಯಿಂದ ತೀರಿಕೊಂಡವರು. ಆದ್ದರಿಂದ ಪುತ್ತೂರಿನ ಫಿಸಿಶಿಯನ್ ಆರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನ್ ಮತ್ತು ಎಎಫ್‌ಪಿ ಎರಡನ್ನೂ ಬರೆದಿದ್ದರು. ನಾನು ಅವರಿಗೆ ಫೋನ್ ಮಾಡಿ ಸಂಖ್ಯೆ ಹೇಳಿದೆ. ಸ್ಕ್ಯಾನಿಗೆ ಕೂಡಲೇ ಕಳಿಸುತ್ತೇನೆ ಅಂದರು.

ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ಒಂದು ತಿಂಗಳು ಬಿಟ್ಟು ಪುನಃ ರಕ್ತ ಬಂತು: ಇನ್ನೂರ ಹದಿನಾಲ್ಕು. ಬಣ್ಣದ ಔಷಧಿ ಕೊಟ್ಟು ಸಿ.ಟಿ. ಮಾಡಿಸಿದರು. ಅದರಲ್ಲೂ ಏನೂ ಇಲ್ಲ. ಖಾತ್ರಿಗೆ ಬೇರೆ ಲ್ಯಾಬಿನಲ್ಲೂ ನೋಡೋಣವೆಂದು ಮಂಗಳೂರಿಗೆ ಕಳಿಸಿದರು. ಅಲ್ಲಿಂದ ಇನ್ನೂರ ಐದು. ಇಬ್ಬರು ಹೇಳಿದ ಮೇಲೆ ಇನ್ನು ಅನುಮಾನವೇನು? ಮಂಗಳೂರಿನಲ್ಲಿ ಎಂ.ಆರ್.ಐ. ಆಯಿತು, ಅಲ್ಲೂ ಏನೂ ಸಿಗಲಿಲ್ಲ. ಯಕೃತ್ತಿನ ಕ್ಯಾನ್ಸರಿಗೆಂದೇ ಇರುವ ಇನ್ನೊಂದು ಗುರುತನ್ನೂ ಅಲ್ಲಿ ಪರೀಕ್ಷಿಸಿದರು. ಅದು ನಾರ್ಮಲ್ ಬಂತು. ಅದನ್ನು ಯಾರೂ ಗಣನೆಗೆ ತೆಗೆದುಕೊಳ್ಳಲಿಲ್ಲ. ಹೆದರಿಸುವ ಸಂಖ್ಯೆಯೊಂದು ಎದುರಿಗಿದ್ದಾಗ ಹೆದರಿಸದ ಸಂಖ್ಯೆಗೆ ಬೆಲೆಯೇ ಇರುವುದಿಲ್ಲ.

ಮೂರನೇ ಸಲ ಅವರು ತಾವೇ ಪುತ್ತೂರಿಗೆ ಬಂದರು. ಬಸ್ಸಿನಲ್ಲಿ ಬರುವಾಗ ರಕ್ತ ಹಾಳಾಗಿರಬಹುದೆಂದು ಯಾರೋ ಹೇಳಿದ್ದರಂತೆ. ಗಟ್ಟಿಮುಟ್ಟಾದ ಹೆಂಗಸು. ಮುಂಗೈಯಲ್ಲಿ ಅಲ್ಲಲ್ಲಿ ಹಳೆಯ ಗೀರುಗಳಿದ್ದವು. ಊರಿನಲ್ಲಿ ಪಶುಸಖಿಯ ಕೆಲಸ ಎಂದರು. ಮನೆಮನೆಗೆ ಹೋಗಿ ಆಡುಗಳಿಗೆ ಜಂತಿನ ಮದ್ದು ಕುಡಿಸುವುದು, ಗೊರಸು ಕತ್ತರಿಸುವುದು, ಲಸಿಕೆಯ ದಿನ ಡಾಕ್ಟರ ಜೊತೆ ನಿಂತು ಆಡುಗಳನ್ನು ಹಿಡಿದುಕೊಳ್ಳುವುದು. ಮನೆಯಲ್ಲೂ ಹದಿನೈದು ಆಡುಗಳಿದ್ದವಂತೆ. ಈಗ ಗಂಡ ಏನನ್ನೂ ಮುಟ್ಟಲು ಬಿಡುತ್ತಿಲ್ಲ, ಆಡುಗಳನ್ನೆಲ್ಲ ನಾದಿನಿಯ ಮನೆಗೆ ಹೊಡೆದುಕೊಂಡು ಹೋಗಿದ್ದಾರೆ. ನೆಂಟರು ಮೂಸಂಬಿ ಹಿಡಿದುಕೊಂಡು ಬಂದು ಅರ್ಧ ಗಂಟೆ ಸುಮ್ಮನೆ ಕೂತು ಹೋಗುತ್ತಾರೆ. ಅದನ್ನು ನೋಡಿದರೆ ತನಗೇ ತನ್ನ ಉತ್ತರಕ್ರಿಯೆಯ ಬೊಜ್ಜಕ್ಕೆ ಬಂದ ಹಾಗೆ ಆಗುತ್ತದೆ ಎಂದು ಒಂದು ತರದ ನಗೆ ನಕ್ಕರು.

ಸೂಜಿ ತೆಗೆದು ಹತ್ತಿ ಒತ್ತಿದಾಗ ಕೇಳಿದರು: "ಅಕ್ಕ, ಅದು ಎಷ್ಟು ಕಡಿಮೆ ಆದ್ರೆ ಸಾಕು?"

ಹತ್ತು ಎಂದೆ.

ಬೇರೆ ಏನಾದರೂ ಮದ್ದು ತೆಗೆದುಕೊಳ್ಳುತ್ತೀರಾ ಎಂದು ಕೇಳಿದ್ದಕ್ಕೆ ನೆಲನೆಲ್ಲಿಯ ಕಷಾಯ ಎಂದರು. ಆ ರಕ್ತದಲ್ಲೂ ಇನ್ನೂರ ಹದಿಮೂರು ಬಂದಾಗ ನಾನು ಕಷಾಯವನ್ನೊಂದು ದೊಡ್ಡ ಸುಳಿವೆಂದು ಹಿಡಿದುಕೊಂಡು ಯಂತ್ರದ ಕಂಪೆನಿಯ ಸಹಾಯವಾಣಿಗೆ ಫೋನ್ ಮಾಡಿದೆ. ನಲವತ್ತು ನಿಮಿಷ ಸಂಗೀತ ಕೇಳಿಸಿ, ಕೊನೆಗೆ ತಾಂತ್ರಿಕ ತಜ್ಞರು ಸಿಕ್ಕರು. ಕಂಟ್ರೋಲ್ ಸರಿ ಇದೆಯಾ ಅಂದರು. ಇದೆ. ಕ್ಯಾಲಿಬ್ರೇಷನ್? ಅದೂ ಸರಿ ಇದೆ. ಹಾಗಾದರೆ ಕಷಾಯವೇ ಇರಬೇಕು, ಎರಡು ವಾರ ನಿಲ್ಲಿಸಿ ಪುನಃ ಮಾಡಿ ಎಂದು ಫೋನಿಟ್ಟರು. ನೆಲನೆಲ್ಲಿಯನ್ನು ನಮ್ಮೂರಲ್ಲಿ ಕಾಮಾಲೆಗೆ ತಲೆತಲಾಂತರದಿಂದ ಕುಡಿಯುತ್ತಾರೆ. ಅದು ಎಎಫ್‌ಪಿಯನ್ನು ಏರಿಸುವುದಿದ್ದರೆ ಸುಳ್ಯ, ಪುತ್ತೂರು, ಕಡಬದ ಅರ್ಧ ಜನ ನಮ್ಮ ಕೆಂಪು ಪಟ್ಟಿಯಲ್ಲಿ ಇರಬೇಕಿತ್ತು. ಆದರೂ ನಿಲ್ಲಿಸಿದರು, ಕಾದರು, ಮಾಡಿದೆವು. ಇನ್ನೂರ ಹತ್ತು.

ಇದಾಗಿ ಎರಡು ತಿಂಗಳಿನ ಮೇಲೆ ಅದೇ ಹೆಸರಿನ ಚೀಟಿ ಬಂತು. ಈ ಸಲ ಹಿಮೋಗ್ಲೋಬಿನ್, ಸಕ್ಕರೆ, ಕ್ರಿಯಾಟಿನಿನ್, ರಕ್ತ ಹೆಪ್ಪುಗಟ್ಟುವ ಸಮಯ, ಜೊತೆಗೆ ಎಎಫ್‌ಪಿ. ಆಪರೇಷನ್ನಿನ ಮೊದಲು ಮಾಡಿಸುವ ಪಟ್ಟಿ ಅದು. ನಾನು ಕಡಬದ ಸೆಂಟರಿನಿಂದ ಅವರ ಮೊಬೈಲ್ ಸಂಖ್ಯೆ ಪಡೆದು ಅವರಿಗೇ ಫೋನ್ ಮಾಡಿದೆ. ಅವರು ಹೇಳಿದ್ದು ಇಷ್ಟು: ಯಕೃತ್ತಿನಲ್ಲಿ ಏನೂ ಸಿಗದ ಕಾರಣ ಅಂಡಾಶಯದಿಂದ ಬರುತ್ತಿರಬಹುದು ಎಂದು ಮಂಗಳೂರಿನ ಸರ್ಜನ್ ಹೇಳಿದ್ದಾರೆ. ಅಲ್ಲಿ ಒಂದು ಸಣ್ಣ ನೀರುಗುಳ್ಳೆ ಉಂಟಂತೆ. ಗರ್ಭಕೋಶ, ಎರಡೂ ಅಂಡಾಶಯ ಎಲ್ಲ ತೆಗೆಯುವುದಂತೆ. ಬರುವ ಬುಧವಾರ.

"ಎಂತ ಮಾಡುದು ಅಕ್ಕ, ತೆಗೆದ್ರೆ ಆ ನಂಬರ್ ಇಳಿಯುದಾದ್ರೆ ತೆಗೀಲಿ," ಎಂದರು.

ನಂಬರ್. ಅದನ್ನು ಅವರಿಗೆ ಕೊಟ್ಟವಳು ನಾನು. ಫೋನಿಟ್ಟು ಕಂಪ್ಯೂಟರಿನಲ್ಲಿ ಅವರ ಹಳೆಯ ಫಲಿತಾಂಶಗಳನ್ನೆಲ್ಲ ಒಂದರ ಕೆಳಗೆ ಒಂದು ತೆರೆದೆ. ಇನ್ನೂರ ಹನ್ನೆರಡು, ಇನ್ನೂರ ಹದಿನಾಲ್ಕು, ಇನ್ನೂರ ಹದಿಮೂರು, ಇನ್ನೂರ ಹತ್ತು. ಆ ದಿನದ್ದು ಇನ್ನೂರ ಹನ್ನೊಂದು. ಏಳು ತಿಂಗಳು. ಬೇರೆ ಬೇರೆ ದಿನ ಒಂದೊಂದನ್ನೇ ನೋಡಿದ್ದ ನಾನು ಒಟ್ಟಿಗೆ ಒಮ್ಮೆಯೂ ನೋಡಿರಲಿಲ್ಲ. ಗಡ್ಡೆ ಬೆಳೆಯುತ್ತದೆ. ಬೆಳೆದರೆ ಸಂಖ್ಯೆ ಏರಬೇಕು. ಏಳು ತಿಂಗಳು ಕೂತಲ್ಲೇ ಕೂತಿರುವ ಕ್ಯಾನ್ಸರನ್ನು ನಾನಂತೂ ಕಂಡಿಲ್ಲ.

ಮಂಗಳೂರಿನ ಲ್ಯಾಬಿಗೆ ಫೋನ್ ಮಾಡಿ, ನಿಮ್ಮದು ಯಾವ ಯಂತ್ರ, ಯಾವ ಕಿಟ್ ಎಂದು ಕೇಳಿದೆ. ನಮ್ಮದೇ ಕಂಪೆನಿ. ನಮ್ಮದೇ ಕಿಟ್. ಎರಡನೇ ಅಭಿಪ್ರಾಯ ಎಂದುಕೊಂಡು ಎಲ್ಲರೂ ಭರವಸೆ ಇಟ್ಟದ್ದು ಒಂದೇ ಬಾಯಿಂದ ಎರಡು ಸಲ ಹೇಳಿಸಿದ ಮಾತಿನ ಮೇಲೆ.

ಈ ಪರೀಕ್ಷೆ ಕೆಲಸ ಮಾಡುವ ರೀತಿಯನ್ನು ಇಲ್ಲಿ ಹೇಳಬೇಕು. ಕಿಟ್‌ನಲ್ಲಿ ಎರಡು ಆಂಟಿಬಾಡಿಗಳಿರುತ್ತವೆ. ಒಂದು ಎಎಫ್‌ಪಿಯನ್ನು ಕೆಳಗಿನಿಂದ ಹಿಡಿಯುತ್ತದೆ, ಬೆಳಕು ಕೊಡುವ ಇನ್ನೊಂದು ಮೇಲಿನಿಂದ ಹಿಡಿಯುತ್ತದೆ. ಎಎಫ್‌ಪಿ ಹೆಚ್ಚಿದ್ದಷ್ಟೂ ಬೆಳಕು ಹೆಚ್ಚು. ಬೆಳಕನ್ನು ಅಳೆದು ಯಂತ್ರ ಸಂಖ್ಯೆ ಹೇಳುತ್ತದೆ. ಈ ಆಂಟಿಬಾಡಿಗಳನ್ನು ಪ್ರಾಣಿಗಳಿಂದ ಪಡೆಯುತ್ತಾರೆ. ಕೆಲವರ ರಕ್ತದಲ್ಲಿ ಪ್ರಾಣಿಗಳ ಪ್ರೋಟೀನಿನ ವಿರುದ್ಧವೇ ಆಂಟಿಬಾಡಿ ಇರುತ್ತದೆ. ಅದು ಕಿಟ್‌ನ ಎರಡನ್ನೂ ನೇರವಾಗಿ ಜೋಡಿಸಿಬಿಡುತ್ತದೆ. ನಡುವೆ ಎಎಫ್‌ಪಿಯೇ ಇರುವುದಿಲ್ಲ, ಬೆಳಕು ಮಾತ್ರ ಬರುತ್ತದೆ. ಕಿಟ್‌ನ ಪೆಟ್ಟಿಗೆಯೊಳಗಿನ ಮಡಚಿದ ಕಾಗದವನ್ನು ಬಿಡಿಸಿ ಓದಿದೆ. ಸಣ್ಣ ಅಕ್ಷರದಲ್ಲಿ ಅದನ್ನೇ ಬರೆದಿದ್ದರು. ಇದರಲ್ಲಿರುವ ಒಂದು ಆಂಟಿಬಾಡಿ ಇಲಿಯದು, ಇನ್ನೊಂದು ಆಡಿನದು.

ಆಡಿನಿಂದಲೇ ಹೀಗಾಯಿತೆಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಆಡನ್ನೇ ಮುಟ್ಟದವರಲ್ಲೂ ಇದು ಕಾಣಿಸಿಕೊಳ್ಳುವುದುಂಟು. ಆದರೆ ಅವರ ಮುಂಗೈಯ ಗೀರುಗಳು ನೆನಪಾದವು.

ಪತ್ತೆ ಮಾಡುವ ಸುಲಭದ ದಾರಿ ಸೀರಮನ್ನು ತೆಳು ಮಾಡುವುದು. ನಿಜವಾದ ಎಎಫ್‌ಪಿ ಆದರೆ ಎರಡರಷ್ಟು ತೆಳು ಮಾಡಿದಾಗ ಸಂಖ್ಯೆ ಅರ್ಧ ಆಗಬೇಕು, ನಾಲ್ಕರಷ್ಟು ಮಾಡಿದಾಗ ಕಾಲು ಆಗಬೇಕು. ಪಿಪೆಟ್ ಹಿಡಿದು ಕೂತೆ. ಮೊದಲನೇ ಸುತ್ತು ಅರ್ಧ ಆಗುವಾಗ ಕರೆಂಟು ಹೋಯಿತು. ಯುಪಿಎಸ್ ಇತ್ತು, ಆದರೆ ಅದರ ಬ್ಯಾಟರಿ ಬದಲಿಸಬೇಕೆಂದು ನಾನೇ ಮೂರು ಸಲ ಬರೆದುಕೊಟ್ಟಿದ್ದೆ. ಯಂತ್ರ ನಿಂತಿತು. ಪುನಃ ಶುರುವಾಗಿ, ಬಿಸಿಯಾಗಿ, ಕಂಟ್ರೋಲ್ ಓಡಿಸಿ, ಫಲಿತಾಂಶ ಕೈಗೆ ಬರುವಾಗ ಊಟದ ಹೊತ್ತು ದಾಟಿತ್ತು.

ಹೋಲಿಕೆಗೆ ಫ್ರೀಜರಿನಲ್ಲಿದ್ದ ಇನ್ನೊಬ್ಬರ ಸೀರಮನ್ನೂ ಹಾಕಿದ್ದೆ, ಬಯಾಪ್ಸಿಯಲ್ಲಿ ಯಕೃತ್ತಿನ ಕ್ಯಾನ್ಸರ್ ಖಚಿತವಾದವರದ್ದು. ಅದು ನಾನೂರ ಇಪ್ಪತ್ತು, ಇನ್ನೂರ ಎಂಟು, ನೂರ ಆರು ಎಂದು ಮೆಟ್ಟಿಲಿಳಿದ ಹಾಗೆ ಇಳಿಯಿತು. ಕೊಯಿಲದವರದ್ದು ಇನ್ನೂರ ಹನ್ನೊಂದರಿಂದ ನಲವತ್ತೊಂದಕ್ಕೆ ಬಿತ್ತು. ನಾಲ್ಕರಷ್ಟು ತೆಳು ಮಾಡಿದ್ದು ಆರು.

ಮ್ಯಾನೇಜರಿಗೆ ತೋರಿಸಿದೆ. ಅವರು ಕೆಟ್ಟವರಲ್ಲ. ಆದರೆ ಅವರಿಗೆ ಎಲ್ಲದಕ್ಕೂ ಲಿಖಿತ ಅನುಮತಿ ಬೇಕು. ತೆಳು ಮಾಡಲು ಯಾರು ಹೇಳಿದರು ಎಂಬುದು ಅವರ ಮೊದಲ ಪ್ರಶ್ನೆ. ಕಂಟ್ರೋಲ್ ಸರಿ ಇದ್ದ ಮೇಲೆ ರಿಪೋರ್ಟ್ ಬಿಡಬೇಕು ಎನ್ನುವುದು ನಿಯಮ ಎಂದರು. ಕಂಟ್ರೋಲಿನ ಬಾಟಲಿಯಲ್ಲಿರುವ ಸೀರಮ್ ಆಡು ಸಾಕಿಲ್ಲ ಎಂದು ನಾನು ಹೇಳಿದ್ದು ಅವರಿಗೆ ಹಿಡಿಸಲಿಲ್ಲ.

"ಈಗ ಇದು ತಪ್ಪು ಅಂತ ನಾವೇ ಬರೆದು ಕೊಟ್ರೆ, ಮೊದಲಿನ ನಾಲ್ಕು ರಿಪೋರ್ಟಿಗೆ ಯಾರು ಉತ್ತರ ಕೊಡುದು ಮೇಡಮ್?" ಎಂದರು.

"ನಾನೇ ಕೊಡ್ತೇನೆ. ನಾಲ್ಕರಲ್ಲೂ ನನ್ನದೇ ಸಹಿ ಉಂಟು."

ಹೆಡ್ ಆಫೀಸಿಗೆ ಮೇಲ್ ಹಾಕುತ್ತೇನೆ, ಸೋಮವಾರ ಉತ್ತರ ಬರಬಹುದು ಎಂದರು. ಆ ದಿನ ಗುರುವಾರ. ನಾನು ಎಎಫ್‌ಪಿಯ ಜಾಗದಲ್ಲಿ ಸಂಖ್ಯೆ ಹಾಕದೆ, 'ಪರೀಕ್ಷೆಗೆ ಅಡ್ಡಿಯಾಗುವ ಅಂಶದ ಸಂಶಯವಿದೆ, ಫಲಿತಾಂಶ ತಡೆಹಿಡಿದಿದೆ, ಆಪರೇಷನ್ನಿನ ನಿರ್ಧಾರಕ್ಕೆ ಹಿಂದಿನ ಫಲಿತಾಂಶಗಳನ್ನೂ ಬಳಸಬಾರದು' ಎಂದು ಬರೆದು ಸಹಿ ಮಾಡಿದೆ. ಏಪ್ರನ್ ಬಿಚ್ಚಿಟ್ಟು, ಕಾಗದಗಳನ್ನು ಹಿಡಿದುಕೊಂಡು ಫಿಸಿಶಿಯನ್ನರ ಕ್ಲಿನಿಕ್ಕಿಗೆ ನಡೆದೆ. ಆ ಸಹಿ ಮಾಡಲು ನನಗೆ ಅಧಿಕಾರವಿತ್ತೇ ಎಂದು ಇವತ್ತಿಗೂ ನನಗೆ ಖಚಿತವಿಲ್ಲ.

ಅಲ್ಲಿ ಮೂವತ್ತಾರನೇ ಟೋಕನ್. ಒಂದೂವರೆ ಗಂಟೆ ಕೆಮ್ಮುವವರ ನಡುವೆ ಕೂತೆ. ಒಳಗೆ ಹೋದಾಗ ಡಾಕ್ಟರು ಕಾಗದಗಳನ್ನು ಎರಡು ಸಲ ಓದಿದರು. ಆಮೇಲೆ ಕನ್ನಡಕ ತೆಗೆದರು.

"ಏಳು ತಿಂಗಳು ನೀವು ಎಲ್ಲಿದ್ರಿ ಮಾರಾಯ್ರೆ?"

ಅವರೂ ಏಳು ತಿಂಗಳು ಅದೇ ಸಂಖ್ಯೆಯನ್ನು ನೋಡುತ್ತಿದ್ದರು, ಆದರೆ ಅದನ್ನು ಹೇಳುವ ಸಮಯ ಅದಾಗಿರಲಿಲ್ಲ. ನನ್ನೆದುರೇ ಅವರು ಸರ್ಜನ್ನಿಗೆ ಫೋನ್ ಮಾಡಿದರು. ತೆಳು ಮಾಡಿದ್ದು, ಗಿಳು ಮಾಡಿದ್ದು ತನಗೆ ಬೇಡ, ಬೇರೆ ಕಂಪೆನಿಯ ಯಂತ್ರದಲ್ಲಿ ಮಾಡಿದ ರಿಪೋರ್ಟ್ ಸೋಮವಾರದೊಳಗೆ ಕೊಡಿ, ಇಲ್ಲದಿದ್ದರೆ ಬುಧವಾರದ ಆಪರೇಷನ್ ನಡೆಯುತ್ತದೆ ಎಂದು ಅತ್ತಲಿಂದ ಉತ್ತರ ಬಂತು. ಅದು ನ್ಯಾಯವಾದ ಮಾತೇ.

ಬೇರೆ ಯಂತ್ರವಿದ್ದ ಬೆಂಗಳೂರಿನ ಲ್ಯಾಬೊಂದನ್ನು ಹುಡುಕಿ ಅಂದೇ ಸೀರಮ್ ಕಳಿಸಿದೆ. ಕೊರಿಯರಿನ ಬಸ್ಸು ನೆಲ್ಯಾಡಿಯಲ್ಲಿ ಕೆಟ್ಟು ನಿಂತಿತು. ಡಬ್ಬಿ ಬೆಂಗಳೂರು ತಲುಪುವಾಗ ಐಸ್ ನೀರಾಗಿತ್ತು. ತಾಪಮಾನ ಮಿತಿ ಮೀರಿದೆ, ಮಾದರಿ ತಿರಸ್ಕೃತ ಎಂದು ಶುಕ್ರವಾರ ಮಧ್ಯಾಹ್ನ ಸಂದೇಶ ಬಂತು. ಎಎಫ್‌ಪಿ ಅಷ್ಟು ಸುಲಭಕ್ಕೆ ಕೆಡುವ ವಸ್ತು ಅಲ್ಲ, ಒಂದು ದಿನ ಮೇಜಿನ ಮೇಲಿದ್ದರೂ ಅದಕ್ಕೆ ಏನೂ ಆಗುವುದಿಲ್ಲ. ನಾನು ಫೋನಿನಲ್ಲಿ ಇದನ್ನೇ ಮೂವರಿಗೆ ಹೇಳಿದೆ. ಮೂವರೂ ತಾಳ್ಮೆಯಿಂದ ಕೇಳಿ, ಮಾದರಿ ತಿರಸ್ಕೃತವಾಗಿದೆ ಎಂದರು.

ಕೊಯಿಲಕ್ಕೆ ಫೋನ್ ಮಾಡಿ ಪುನಃ ರಕ್ತ ಕೊಡಲು ಬರಬೇಕೆಂದು ಕೇಳಿಕೊಂಡೆ. ಯಾಕೆಂದು ಅವರು ಕೇಳಲಿಲ್ಲ. ಸಂಜೆಯೊಳಗೆ ಗಂಡನೊಂದಿಗೆ ಬಂದು ಕೈ ಚಾಚಿದರು. ಹೇಳಬೇಕೋ ಬೇಡವೋ ಎಂದು ನಾನು ಒದ್ದಾಡುತ್ತಿದ್ದೆ. ಆಸೆ ಹುಟ್ಟಿಸಿ ನಾಳೆ ಅದು ಸುಳ್ಳಾದರೆ? ಪರೀಕ್ಷೆಯಲ್ಲಿ ಒಂದು ಸಂಶಯವಿದೆ, ಅಷ್ಟೇ ಎಂದೆ.

ಶನಿವಾರ ನನಗೆ ಸುಳ್ಯದ ಶಾಖೆಯಲ್ಲಿ ಡ್ಯೂಟಿ. ಇನ್ನೊಂದು ಕೊರಿಯರನ್ನು ನಂಬಲಾರದೆ ಟ್ಯೂಬನ್ನು ಜೊತೆಗೇ ಒಯ್ದಿದ್ದೆ. ಕಾಸರಗೋಡಿನ ಒಂದು ಲ್ಯಾಬಿನಲ್ಲಿ ಬೇರೆ ಕಂಪೆನಿಯ ಯಂತ್ರ ಇದೆಯೆಂದು ಅಲ್ಲಿ ಒಬ್ಬರು ಹೇಳಿದರು. ಅರ್ಧ ದಿನ ರಜೆ ಹಾಕಿ, ಟ್ಯೂಬನ್ನು ಊಟದ ಬುತ್ತಿಯ ಚೀಲದಲ್ಲಿ ಐಸ್ ಪ್ಯಾಕಿನ ನಡುವೆ ಇಟ್ಟುಕೊಂಡು ಜಾಲ್ಸೂರು ಮಾರ್ಗವಾಗಿ ಹೋಗುವ ಬಸ್ಸು ಹತ್ತಿದೆ. ತಿರುವುಗಳಲ್ಲಿ ಚೀಲವನ್ನು ತೊಡೆಯ ಮೇಲೆ ಒತ್ತಿ ಹಿಡಿದುಕೊಂಡಿದ್ದೆ. ಕಾಸರಗೋಡಿನಲ್ಲಿ ರೋಗಿ ಎಲ್ಲಿ ಎಂದರು. ಡಾಕ್ಟರ ಚೀಟಿ ಎಲ್ಲಿ ಎಂದರು. ಹೊರಗಿನ ಟ್ಯೂಬನ್ನು ತೆಗೆದುಕೊಳ್ಳುವುದಿಲ್ಲ ಎಂದರು. ನನ್ನ ಹರಕು ಮಲಯಾಳದಲ್ಲಿ ಎಲ್ಲವನ್ನೂ ವಿವರಿಸಿದೆ. ಕೌಂಟರಿನವರಿಗೆ ಅರ್ಥವಾಗಲಿಲ್ಲ. ಒಳಗಿನಿಂದ ಅಲ್ಲಿಯ ತಂತ್ರಜ್ಞೆ ಹೊರಗೆ ಬಂದರು. ನಾನು ತೆಳು ಮಾಡಿ ಬರೆದುಕೊಂಡಿದ್ದ ಮೂರು ಸಂಖ್ಯೆಗಳ ಕಾಗದವನ್ನು ನೋಡಿದರು. ಕೈ ನೀಡಿ ಟ್ಯೂಬನ್ನು ತೆಗೆದುಕೊಂಡು ಹೋದರು. ಈ ಕೆಲಸ ಮಾಡುವವರಿಗೆ ಆ ಕಾಗದವೇ ಸಾಕಿತ್ತು.

ನಲವತ್ತು ನಿಮಿಷ. ಮೂರು ಪಾಯಿಂಟ್ ನಾಲ್ಕು.

ನಾನು ಅಲ್ಲೇ ಬೆಂಚಿನ ಮೇಲೆ ಕೂತು ಅದರ ಫೋಟೋ ತೆಗೆದು ಫಿಸಿಶಿಯನ್ನಿಗೆ ಕಳಿಸಿದೆ. ಸರ್ಜನ್ ಭಾನುವಾರ ಬೆಳಿಗ್ಗೆ ತಾವೇ ಕೊಯಿಲಕ್ಕೆ ಫೋನ್ ಮಾಡಿ ಆಪರೇಷನ್ ಬೇಡ ಎಂದರಂತೆ. ಹೆಡ್ ಆಫೀಸಿನ ಮೇಲ್ ಸೋಮವಾರ ಬಂತು: ಕಂಟ್ರೋಲ್ ಸರಿ ಇರುವುದರಿಂದ ಫಲಿತಾಂಶ ಬಿಡುಗಡೆ ಮಾಡಿ. ಪ್ರಾಣಿ ಪ್ರೋಟೀನಿನ ವಿರುದ್ಧದ ಆಂಟಿಬಾಡಿಗಳ ಅಡ್ಡಿಯನ್ನು ತಡೆಯುವ ವಿಶೇಷ ಟ್ಯೂಬುಗಳನ್ನು ನಾನು ಕೇಳಿದ್ದು ಅದೇ ಗುರುವಾರ. ಕಂಪೆನಿಯಿಂದ ಅವು ಬಂದದ್ದು ಮೂರು ವಾರದ ಮೇಲೆ. ಅದರಲ್ಲಿ ಹಾಕಿ ಓಡಿಸಿದರೆ ನಮ್ಮ ಯಂತ್ರವೂ ಐದು ಎಂದಿತು. ಇಷ್ಟೆಲ್ಲ ಆದ ಮೇಲೆ ಲ್ಯಾಬಿನಲ್ಲಿ ಬದಲಾದದ್ದು ಒಂದೇ. ಅನುಮತಿಯಿಲ್ಲದೆ ಯಾರೂ ಸೀರಮ್ ತೆಳು ಮಾಡಬಾರದೆಂದು ಒಂದು ಸುತ್ತೋಲೆ ಬಂತು.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಎಎಫ್‌ಪಿ ಸುಳ್ಳಾಗಿತ್ತು, ಆದರೆ ವೈರಸ್ ನಿಜವಾಗಿತ್ತು. ಅವರು ಆರು ತಿಂಗಳಿಗೊಮ್ಮೆ ಸ್ಕ್ಯಾನಿಗೆ ಬರಲೇಬೇಕಿತ್ತು, ರಕ್ತದ ಗುರುತು ಅವರ ಮಟ್ಟಿಗೆ ನಂಬಿಕೆಗೆ ಬಾರದಾದ ಮೇಲೆ ಇನ್ನೂ ಹೆಚ್ಚು. ಬರಲಿಲ್ಲ. ಫಿಸಿಶಿಯನ್ ಎರಡು ಸಲ ಫೋನ್ ಮಾಡಿಸಿದರು, ನಾನೂ ಮಾಡಿದೆ. ಹೂಂ ಎನ್ನುತ್ತಿದ್ದರು, ಬರುತ್ತಿರಲಿಲ್ಲ. ಒಂದು ಭಾನುವಾರ ಉಪ್ಪಿನಂಗಡಿಯ ಬಸ್ಸು ಹಿಡಿದು, ಅಲ್ಲಿಂದ ಕಡಬದ ಬಸ್ಸಿಗೆ ಬದಲಿಸಿ ಅವರ ಮನೆ ಹುಡುಕಿಕೊಂಡು ಹೋದೆ. ಆಡುಗಳು ವಾಪಸು ಬಂದಿದ್ದವು. ಅವರು ಒಂದು ಮರಿಯ ಗೊರಸನ್ನು ಕತ್ತರಿಸುತ್ತಿದ್ದರು. ನನಗೆ ಮಣೆ ಕೊಟ್ಟು, ಕೆಲಸ ಮುಂದುವರಿಸಿದರು. ಕ್ಯಾನ್ಸರ್ ಇಲ್ಲ ಎಂದು ಗೊತ್ತಾದದ್ದು ಸಂತೋಷವೇ, ಆದರೆ ಹೆಪಟೈಟಿಸ್ ಬಿ ಇದ್ದ ಯಕೃತ್ತಿನ ಮೇಲೆ ಕಣ್ಣಿಡಬೇಕು, ಅದರಲ್ಲೂ ತಾಯಿಗೆ ಹಾಗಾಗಿದ್ದರೆ, ಎಂದು ನಾನು ಹೇಳಿದೆ. ಕೇಳಿದರು.

ಆಮೇಲೆ ಹೇಳಿದರು: "ಏಳು ತಿಂಗಳು ನಾನು ಸಾಯ್ತೇನೆ ಅಂತ ಮಲಗಿದ್ದು, ಸಾಯ್ತೇನೆ ಅಂತ ಎದ್ದದ್ದು. ಅದು ನಿಮ್ಮ ಕಾಗದ ನೋಡಿ. ಈಗ ಇಲ್ಲ ಅಂತ ಹೇಳುದೂ ನೀವೇ. ಪುನಃ ಬಾ ಅಂತ ಹೇಳುದೂ ನೀವೇ. ನಾನು ಯಾವುದನ್ನು ನಂಬುದು ಅಕ್ಕ?"

ಅದರಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು. ನನ್ನನ್ನು ನಂಬಬೇಡಿ ಎಂದೆ. ಸಂಖ್ಯೆಯನ್ನೂ ನಂಬಬೇಡಿ. ಸ್ಕ್ಯಾನಿನಲ್ಲಿ ಡಾಕ್ಟರು ಯಕೃತ್ತನ್ನು ಕಣ್ಣಾರೆ ನೋಡುತ್ತಾರೆ, ಅದನ್ನಾದರೂ ನಂಬಿ ಎಂದೆ. ಈ ವೈರಸ್ ತಾಯಿಯಿಂದ ಹುಟ್ಟುವಾಗಲೇ ಮಕ್ಕಳಿಗೆ ಬರುವಂಥದ್ದು, ನಿಮ್ಮ ಒಡಹುಟ್ಟಿದವರೂ ಒಮ್ಮೆ ನೋಡಿಸಿಕೊಂಡರೆ ಒಳ್ಳೆಯದು ಎಂಬುದನ್ನೂ ಸೇರಿಸಿದೆ. ಅವರು ಮರಿಯನ್ನು ಬಿಟ್ಟು ಇನ್ನೊಂದನ್ನು ಹಿಡಿದುಕೊಂಡರು. ಚಹಾ ಕೊಟ್ಟರು. ಬರುತ್ತೇನೆ ಎನ್ನಲಿಲ್ಲ. ಹಿಂದಕ್ಕೆ ಬರುವಾಗ ಬಸ್ಸಿನಲ್ಲಿ, ರಜೆಯ ದಿನವನ್ನು ಹಾಳುಮಾಡಿಕೊಂಡೆನೆಂದು ನನಗೆ ನಾನೇ ಬಯ್ದುಕೊಂಡೆ.

ಮೂರು ವಾರದ ನಂತರ ಅವರು ಲ್ಯಾಬಿಗೆ ಬಂದರು. ಜೊತೆಗೆ ನೆಲ್ಯಾಡಿಯಲ್ಲಿ ರಬ್ಬರ್ ಟ್ಯಾಪಿಂಗ್ ಮಾಡುವ ತಮ್ಮ. ಮೂವತ್ತೊಂಬತ್ತು ವರ್ಷ, ಆರೋಗ್ಯವಂತ, ಒತ್ತಾಯಕ್ಕೆ ಬಂದವನೆಂದು ಮುಖದಲ್ಲೇ ಕಾಣುತ್ತಿತ್ತು. ಹಿಂದಿನ ವಾರ ಮಾಡಿಸಿದ ಪರೀಕ್ಷೆಯಲ್ಲಿ ಅವನಿಗೂ ಹೆಪಟೈಟಿಸ್ ಬಿ ಇದೆಯೆಂದು ಬಂದಿತ್ತು. ಫಿಸಿಶಿಯನ್ ಎಎಫ್‌ಪಿ, ಸ್ಕ್ಯಾನ್ ಎರಡನ್ನೂ ಬರೆದಿದ್ದರು. ಅಕ್ಕ ತಮ್ಮ ಇಬ್ಬರಿಗೂ ಸ್ಕ್ಯಾನ್.

ತಮ್ಮನ ಎಎಫ್‌ಪಿ ನಾಲ್ಕು. ನಾನು ತೆಳು ಮಾಡಿಯೂ ನೋಡಿದೆ, ಸುತ್ತೋಲೆ ಇರಲಿ. ಎಲ್ಲ ಸರಿಯಾಗಿತ್ತು. ರಿಪೋರ್ಟ್ ಕೈಗೆ ಕೊಟ್ಟು, ನಾರ್ಮಲ್ ಉಂಟು ಎಂದು ಖುಷಿಯಿಂದಲೇ ಹೇಳಿದೆ. ಸ್ಕ್ಯಾನಿಂಗ್ ಸೆಂಟರಿನಲ್ಲಿ ಆ ದಿನ ವಿಪರೀತ ರಶ್ಶು. ತಮ್ಮ ಎದ್ದು ನಿಂತ.

"ನಾರ್ಮಲ್ ಅಂತಲ್ಲ, ಇನ್ನೆಂತಕ್ಕೆ ಕಾಯುದು? ಮೂರು ಗಂಟೆಯ ಬಸ್ಸಿಗೆ ಹೋಗುವ," ಎಂದ.

ನಾನು ಇನ್ನೊಂದು ದಿನ ಬಂದರೂ ಆದೀತು ಎಂದು ಹೇಳುವವಳಿದ್ದೆ. ನಿಜವಾಗಿ ಹೇಳುವವಳಿದ್ದೆ. ಅಷ್ಟರಲ್ಲಿ ಅವರು ಆ ಕಾಗದವನ್ನು ತಮ್ಮನ ಕೈಯಿಂದ ತೆಗೆದುಕೊಂಡು ಮೇಜಿನ ಮೇಲೆ ಇಟ್ಟರು.

"ಇವರ ನಂಬರಿನಲ್ಲಿ ನನಗೆ ಕ್ಯಾನ್ಸರ್ ಇತ್ತು. ನನಗೆ ಇಲ್ಲದ್ದನ್ನು ಉಂಟು ಅಂತ ಹೇಳಿದ್ದು ನಿನಗೆ ಇದ್ದದ್ದನ್ನು ಇಲ್ಲ ಅನ್ಲಿಕ್ಕಿಲ್ವಾ? ಕೂತ್ಕೋ. ಸ್ಕ್ಯಾನ್ ಮಾಡಿಸಿಯೇ ಹೋಗುದು."

ಅವರ ಯಕೃತ್ತು ಚೊಕ್ಕವಾಗಿತ್ತು. ತಮ್ಮನದ್ದರಲ್ಲಿ ಬಲಭಾಗದಲ್ಲಿ ಎರಡು ಸೆಂಟಿಮೀಟರಿಗಿಂತ ಸ್ವಲ್ಪ ಕಡಿಮೆಯ ಒಂದು ಗಂಟು ಕಂಡಿತು. ಸಿ.ಟಿ.ಯಲ್ಲಿ ಅದು ಏನೆಂಬುದರಲ್ಲಿ ಸಂಶಯ ಉಳಿಯಲಿಲ್ಲ. ಸಣ್ಣ ಗಡ್ಡೆಗಳಲ್ಲಿ ಅನೇಕವು ಎಎಫ್‌ಪಿಯನ್ನು ತಯಾರಿಸುವುದೇ ಇಲ್ಲ. ನಮ್ಮ ಯಂತ್ರ ಈ ಸಲ ಸತ್ಯವನ್ನೇ ಹೇಳಿತ್ತು, ಆ ಸತ್ಯದಿಂದ ಯಾವ ಪ್ರಯೋಜನವೂ ಇರಲಿಲ್ಲ.

ಮಂಗಳೂರಿನಲ್ಲಿ ಯಕೃತ್ತಿನ ಆ ತುಂಡನ್ನು ಮಾತ್ರ ತೆಗೆದರು. ಸುತ್ತ ಹರಡಿರಲಿಲ್ಲ. ತಮ್ಮ ವೈರಸ್ಸಿನ ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ, ಟ್ಯಾಪಿಂಗಿಗೆ ಹೋಗುತ್ತಿದ್ದಾನೆ. ನಿಗದಿತ ದಿನಕ್ಕೆ ಸ್ಕ್ಯಾನಿಗೆ ಬರುತ್ತಾನೆ. ಅವನಾಗಿಯೇ ಬರುವುದಲ್ಲ, ಅಕ್ಕ ಕರೆತರುವುದು.

ಈ ಸಲ ಬಂದಾಗ ಸ್ಕ್ಯಾನಿಂಗ್ ಸೆಂಟರಿನಲ್ಲಿ ಹೆಸರು ಕೊಟ್ಟು, ಕಾಯುವ ಹೊತ್ತಿಗೆ ಅವರು ನಮ್ಮ ಲ್ಯಾಬಿಗೆ ಬಂದರು. ಎಂತ ಬೇಕು ಅಂದೆ. ಎಂತ ಬೇಡ, ಅಲ್ಲಿ ಫ್ಯಾನಿಲ್ಲ, ಸ್ವಲ್ಪ ಹೊತ್ತು ಕೂತು ಹೋಗುತ್ತೇನೆ ಎಂದರು. ನಾನು ಟ್ಯೂಬುಗಳಿಗೆ ಲೇಬಲ್ ಅಂಟಿಸುತ್ತಿದ್ದೆ. ಅವರು ಬಹಳ ಹೊತ್ತು ಅದನ್ನೇ ನೋಡಿದರು.

"ಇದರಲ್ಲಿ ಎಷ್ಟು ಜನರದ್ದು ಸರಿ ಬರ್ತದೆ ಅಕ್ಕ?"

"ಹೆಚ್ಚಿನವರದ್ದು," ಎಂದೆ.

ಅವರು ತಲೆಯಾಡಿಸಿದರು. ಹೊರಗಿನಿಂದ ತಮ್ಮ ಕರೆದಾಗ ಎದ್ದು ಹೋದರು. ನಾನು ಲೇಬಲ್ ಅಂಟಿಸಿ ಮುಗಿದಿದ್ದ ಟ್ಯೂಬುಗಳನ್ನು ಪುನಃ ಹೊರತೆಗೆದು, ಒಂದೊಂದರ ಹೆಸರನ್ನೂ ಇನ್ನೊಮ್ಮೆ ಓದತೊಡಗಿದೆ.